ಜೋಡುಗೋಲಿನ ನಡಿಗೆ



ಕೈಗೆ ಕೋಲು ಬಂದಿತೆಂದರೆ ಕಾಲು ಸೋತಿತೆಂದೇ ಅರ್ಥ ಎಂಬ ಭಾವನೆಯು ನಮ್ಮ ನಗರಗಳಲ್ಲಿ ಎಷ್ಟು ದೃಢವಾಗಿ ನೆಲೆಗೊಂಡಿದೆಯೆಂದರೆ, ಅರುವತ್ತು ದಾಟಿದ ಗೃಹಸ್ಥರೊಬ್ಬರಿಗೆ ಹೊರಗೆ ಹೋಗುವಾಗ ಒಂದು ಕೋಲನ್ನು ಹಿಡಿಯಿರೆಂದು ವೈದ್ಯರು ಸೂಚಿಸಿದರೆ, ಅವರು ಕೋಲನ್ನು ಹಿಡಿಯುವುದಕ್ಕೆ ಬದಲಾಗಿ ಹೊರಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ನಾಲ್ಕು ಜನರ ಕಣ್ಣಿಗೆ ಮುದುಕನಾಗಿ ಕಾಣಬಾರದೆಂಬ ಈ ಸಂಕೋಚದಿಂದ ಮನೆಯ ಮೂಲೆಯನ್ನು ಹಿಡಿದು, ಆರು ತಿಂಗಳಲ್ಲಿ ನಿಜವಾಗಿಯೂ ಮುದುಕರಾದವರನ್ನು ನಾನು ಬಲ್ಲೆ. ಅಂಥವರನ್ನು ಉದ್ದೇಶಿಸಿಯೇ, ಮತ್ತು ಅವರನ್ನು ಪ್ರೀತಿಸತಕ್ಕ ಮಕ್ಕಳು ಸೊಸೆಯಂದಿರನ್ನು ಉದ್ದೇಶಿಸಿ, ಈ ಹೊತ್ತು ಎರಡು ಕೋಲುಗಳನ್ನು ಹಿಡಿದು ನಡೆಯುವ ಒಂದು ವ್ಯಾಯಾಮದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಾನಿರುವುದು ಗುಜರಾತಿನ ವಡೋದರಾ ನಗರದ ದಕ್ಷಿಣ ಭಾಗದ ಮಂಜಲ್‌ಪುರದಲ್ಲಿ. ಉದ್ಯೋಗನಿಮಿತ್ತವಾಗಿ ಇಲ್ಲಿಗೆ ಬಂದು, ಮಕ್ಕಳ ವಿದ್ಯಾಭ್ಯಾಸ ಮುಗಿಯುವಷ್ಟರಲ್ಲಿ ಊರಿಗೆ ಹಿಂದಿರುಗುವ ಸಂಕಲ್ಪವನ್ನು ಮುಂದೂಡುತ್ತ ಮುಂದೂಡುತ್ತ ಇಲ್ಲಿಯವರೇ ಆಗಿಹೋದ ಕನ್ನಡಿಗರು ಈ ನಗರದಲ್ಲಿ ಸಾಕಷ್ಟು ಜನರಿದ್ದಾರೆ, ನಾನೂ ಅವರಲ್ಲೊಬ್ಬ. ಬೆಳಗಿನ ಜಾವದಲ್ಲಿ ಎರಡು ಕೈಗಳಲ್ಲಿಯೂ ಕೋಲುಗಳನ್ನು ಧರಿಸಿ ನಮ್ಮ ಸೊಸಾಯಿಟಿಯ ದ್ವಾರವನ್ನು ದಾಟಿ ತುಲಸೀಧಾಮದ ಕಡೆಗೆ ಹೊರಟ ಆರಂಭದ ದಿನಗಳಲ್ಲಿ, ಹಾಲಿನ ಪಾತ್ರೆಯನ್ನು ಹಿಡಿದು ಎದುರು ಬರುತ್ತಿದ್ದ ನೆರೆಯ ಹೆಣ್ಣುಮಗಳು ತಡೆದು ನಿಂತು, "ಕಾಕಾ, ಪಗೇ ಶುಂ ಥಯುಂ?" ಎಂದು ಕಳವಳದಿಂದ ಕೇಳಿದಳು. ಕಾಲಿಗೆ ಏನಾಯಿತು ಎಂಬ ಆ ಪ್ರಶ್ನೆಯಲ್ಲಿ ಇದ್ದುದು ಅಂತಃಕರಣವೇ ಹೊರತು ಬೇರೇನೂ ಅಲ್ಲ. "ಏನೂ ಆಗಿಲ್ಲ, ಬೇಟಾ, ಆಗದಿರಲಿ ಎಂದೇ ಈ ಕೋಲುಗಳು" ಎಂದು ನಾನು ಹೇಳಿದೆ. ಅವಳ ಮಾವನವರು ಈಗ ನನ್ನೊಡನೆ ನಡೆಯುತ್ತಾರೆ.

ಈ ನಡಿಗೆಗೆ ಜಗತ್ತಿನಲ್ಲಿ ನಾರ್ಡಿಕ್ ನಡಿಗೆಯೆಂಬ ಹೆಸರು ರೂಢವಾಗಿದೆ. ಇದರ ಜನ್ಮಭೂಮಿ ಫಿನ್ಲೆಂಡ್. ವರ್ಷದ ಹಲವು ತಿಂಗಳು ಹಿಮದಿಂದ ಆವೃತವಾದ ಆ ದೇಶದಲ್ಲಿ ಪಾದಗಳಿಗೆ ನೀಳವಾದ ಹಲಗೆಗಳನ್ನು ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲುಗಳನ್ನು ಹಿಡಿದು ಹಿಮದ ಮೇಲೆ ಜಾರುತ್ತ ಸಾಗುವುದು ಜನಜೀವನದ ಅಂಗವೇ ಆಗಿದೆ. ಹಿಮವು ಕರಗಿದ ಬೇಸಗೆಯಲ್ಲಿ ಅಭ್ಯಾಸವು ತಪ್ಪಿಹೋಗಬಾರದೆಂದು ಅಲ್ಲಿಯ ಕ್ರೀಡಾಪಟುಗಳು 1930ರ ದಶಕದಲ್ಲಿಯೇ ಹಲಗೆಗಳನ್ನು ಬಿಟ್ಟು ಕೋಲುಗಳನ್ನು ಮಾತ್ರ ಹಿಡಿದು ಬೆಟ್ಟಗುಡ್ಡಗಳಲ್ಲಿ ನಡೆಯುತ್ತಿದ್ದರು. 1966ರಲ್ಲಿ ಲೀನಾ ಯಾಸ್ಕೆಲೈನೆನ್ ಎಂಬ ವ್ಯಾಯಾಮ ಶಿಕ್ಷಕಿಯು ಶಾಲೆಯಲ್ಲಿ ಇದನ್ನು ಮಕ್ಕಳಿಗೆ ಕಲಿಸತೊಡಗಿದರು; 1979ರಲ್ಲಿ ಮೌರಿ ರೆಪೊ ಎಂಬ ತರಬೇತುದಾರರು ಇದರ ಕ್ರಮವನ್ನು ಬರೆದು ಪ್ರಕಟಿಸಿದರು; 1997ರಲ್ಲಿ ನಡಿಗೆಗೆಂದೇ ರಚಿಸಲ್ಪಟ್ಟ ಕೋಲುಗಳು ಮಾರುಕಟ್ಟೆಗೆ ಬಂದುವು. ಅಲ್ಲಿಂದ ಮುಂದೆ ಕ್ರೀಡಾಪಟುಗಳ ಕೈಯಿಂದ ಇದು ಸಾಮಾನ್ಯರ ಕೈಗೆ, ಅದರಲ್ಲಿಯೂ ವಯಸ್ಸಾದವರ ಕೈಗೆ, ಬಹು ಬೇಗನೆ ಬಂದಿತು.

ಇದರ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ವಿಧಾನವನ್ನು ಅರಿಯದೆ ಎರಡು ಕೋಲುಗಳನ್ನು ಟಕಟಕನೆ ಊರುತ್ತ ಹೋದರೆ ಶ್ರಮ ಉಂಟೇ ಹೊರತು ಫಲವಿಲ್ಲ. ಮುದುಕನ ಊರುಗೋಲು ದೇಹದ ಮುಂದುಗಡೆಯಲ್ಲಿ ನೆಲವನ್ನು ಮುಟ್ಟುತ್ತದೆ, ಮೈಭಾರ ಅದರ ಮೇಲೆ ಬೀಳುತ್ತದೆ. ಈ ಕೋಲಾದರೋ ಯಾವಾಗಲೂ ಹಿಂದಕ್ಕೆ ಬಾಗಿಯೇ ಇರತಕ್ಕದ್ದು. ಅದರ ಮೊನೆಯು ಮುಂದಿನ ಪಾದಕ್ಕೂ ಹಿಂದಿನ ಪಾದಕ್ಕೂ ನಡುವಣ ನೆಲದಲ್ಲಿ ಊರಲ್ಪಡುತ್ತದೆ. ಹೊಳೆಯಲ್ಲಿ ಅಂಬಿಗನು ಗಳವನ್ನು ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ತಳ್ಳುವಂತೆ, ನಡೆಯುವವನು ಆ ಕೋಲಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ತನ್ನ ದೇಹವನ್ನು ಮುಂದಕ್ಕೆ ನೂಕಿಕೊಳ್ಳುತ್ತಾನೆ. ಒರಗುವುದಕ್ಕೂ ನೂಕುವುದಕ್ಕೂ ಇರುವ ಈ ಅಂತರದಲ್ಲಿಯೇ ಈ ವಿದ್ಯೆಯ ಸಾರವೆಲ್ಲವೂ ಅಡಗಿದೆ.

ಹೊಸದಾಗಿ ಕಲಿಯುವವರಿಗೆ ಮೊದಲು ಕೋಲನ್ನು ಊರುವುದನ್ನೇ ಕಲಿಸುವುದಿಲ್ಲ. ಹಿಡಿಕೆಯಲ್ಲಿರುವ ಪಟ್ಟಿಯೊಳಗೆ ಅಂಗೈಯನ್ನು ತೂರಿಸಿ, ಬೆರಳುಗಳನ್ನು ಸಡಿಲವಾಗಿ ಬಿಟ್ಟು, ಕೋಲುಗಳನ್ನು ಬೆನ್ನ ಹಿಂದೆ ನೆಲದ ಮೇಲೆ ಎಳೆದುಕೊಂಡು ಸುಮ್ಮನೆ ನಡೆಯುವಂತೆ ಹೇಳುತ್ತಾರೆ. ನೂರು ಇನ್ನೂರು ಹೆಜ್ಜೆ ಹೀಗೆ ನಡೆಯುವಾಗ, ಬಲಗಾಲು ಮುಂದಾದಾಗ ಎಡಗೈಯೂ ಎಡಗಾಲು ಮುಂದಾದಾಗ ಬಲಗೈಯೂ ತಾವಾಗಿಯೇ ಮುಂದಕ್ಕೆ ಬೀಸುವುದು ಅನುಭವಕ್ಕೆ ಬರುತ್ತದೆ. ಹುಟ್ಟಿದಾರಭ್ಯ ನಾವೆಲ್ಲರೂ ನಡೆಯುತ್ತಿರುವುದು ಹೀಗೆಯೇ. ಆದರೆ ಕೈಯ ಮೇಲೆ ಗಮನ ಹರಿದೊಡನೆ ಎಷ್ಟೋ ಜನರಿಗೆ ಈ ಸಹಜ ಲಯವು ತಪ್ಪಿ, ಒಂದೇ ಪಕ್ಕದ ಕೈಯೂ ಕಾಲೂ ಕೂಡಿ ಮುಂದೆ ಬರತೊಡಗುತ್ತವೆ. ಹಾಗಾದಾಗ ಗಾಬರಿಪಡಬೇಕಾದುದಿಲ್ಲ; ಮತ್ತೆ ಕೋಲುಗಳನ್ನು ಎಳೆಯಲು ಬಿಟ್ಟು ನಾಲ್ಕು ಹೆಜ್ಜೆ ಹಾಕಿದರೆ ಲಯವು ತಾನೇ ಹಿಂದಿರುಗುತ್ತದೆ. ಆಮೇಲೆ ಮೊನೆಯು ನೆಲವನ್ನು ಕಚ್ಚಿದ ಕ್ಷಣದಲ್ಲಿ ಹಿಡಿಕೆಯನ್ನು ಹಿಡಿಯುವುದು, ಕೈಯು ಸೊಂಟವನ್ನು ದಾಟಿ ಹಿಂದಕ್ಕೆ ಸಾಗುವವರೆಗೂ ಒತ್ತುವುದು, ಕೊನೆಯಲ್ಲಿ ಬೆರಳುಗಳನ್ನು ಪೂರ್ಣವಾಗಿ ಬಿಚ್ಚುವುದು. ಬಿಚ್ಚಿದ ಕೈಯಿಂದ ಕೋಲು ಜಾರಿಬೀಳದಂತೆ ಆ ಪಟ್ಟಿಯು ತಡೆಯುತ್ತದೆ. ಬೆರಳು ಬಿಚ್ಚುವುದನ್ನು ಕಲಿಯದವರ ಹೆಗಲುಗಳು ಬಿಗಿದುಕೊಂಡು, ಸಾಯಂಕಾಲದ ಹೊತ್ತಿಗೆ ಕತ್ತು ನೋಯುತ್ತದೆ.

ಕೋಲಿನ ಉದ್ದಕ್ಕೆ ಒಂದು ಲೆಕ್ಕವುಂಟು. ನಮ್ಮ ಎತ್ತರವನ್ನು ಸೆಂಟಿಮೀಟರುಗಳಲ್ಲಿ ಅಳೆದು 0.68ರಿಂದ ಗುಣಿಸಬೇಕು. ಐದೂವರೆ ಅಡಿಗೆ ಸ್ವಲ್ಪ ಕಡಿಮೆಯಾಗಿ 165 ಸೆಂಟಿಮೀಟರು ಎತ್ತರವಿರುವವರಿಗೆ 112 ಸೆಂಟಿಮೀಟರಿನ ಕೋಲು ಸರಿಹೋಗುತ್ತದೆ. ಹಿಡಿಕೆಯನ್ನು ಹಿಡಿದು ನೇರವಾಗಿ ನಿಂತಾಗ ಮೊಣಕೈಯು ಹೆಚ್ಚು ಕಡಮೆ ಲಂಬಕೋನದಲ್ಲಿ ಮಡಿದಿರಬೇಕು. ಎರಡು ಬೆರಳು ಗಿಡ್ಡವಾದರೆ ಬಾಧಕವಿಲ್ಲ, ಉದ್ದವಾಗಬಾರದು.

ಇದರಿಂದ ದೇಹಕ್ಕಾಗುವ ಪ್ರಯೋಜನವೇನು? ಬರಿಗೈಯಲ್ಲಿ ನಡೆಯುವವನ ತೋಳು, ಹೆಗಲು, ಬೆನ್ನುಗಳು ಜೊತೆಯಲ್ಲಿ ಸುಮ್ಮನೆ ಹೋಗುತ್ತವೆ. ಕೋಲು ಹಿಡಿದವನ ತೋಳಿನ ಹಿಂಬದಿಯ ಸ್ನಾಯುಗಳೂ ಬೆನ್ನಿನ ಅಗಲವಾದ ಸ್ನಾಯುಗಳೂ ಹೊಟ್ಟೆಯ ಸ್ನಾಯುಗಳೂ ಪ್ರತಿಯೊಂದು ಹೆಜ್ಜೆಗೂ ದುಡಿಯುತ್ತವೆ. ಅಮೆರಿಕದ ಡಲ್ಲಾಸ್ ನಗರದ ಕೂಪರ್ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಒಂದೇ ವೇಗದಲ್ಲಿ ನಡೆದಾಗಲೂ ಕೋಲುಗಳೊಡನೆ ನಡೆದವರು ಸರಾಸರಿ ಶೇಕಡಾ 20ರಷ್ಟು ಹೆಚ್ಚು ಆಮ್ಲಜನಕವನ್ನು ಬಳಸಿದರು. ಹಾಗಿದ್ದೂ ತಮಗೆ ಹೆಚ್ಚು ಆಯಾಸವಾಯಿತೆಂದು ಅವರಿಗೆ ತೋರಲಿಲ್ಲ. ದುಡಿಮೆಯು ನಾಲ್ಕು ಕೈಕಾಲುಗಳಿಗೂ ಹಂಚಿಹೋಗುವುದೇ ಇದಕ್ಕೆ ಕಾರಣವೆಂದು ನಾನು ತಿಳಿಯುತ್ತೇನೆ. ಓಡಲಾರದ, ಆದರೆ ಬರಿಯ ನಡಿಗೆಯಿಂದ ಉಸಿರು ಏರದ, ನಡುಹರೆಯ ದಾಟಿದ ದೇಹಕ್ಕೆ ಇದಕ್ಕಿಂತ ಹಿತವಾದ ಶ್ರಮವನ್ನು ನಾನು ಕಾಣೆ. ಆದರೆ ಕೋಲುಗಳನ್ನು ಮಾರುವವರು ಹೇಳುವ ಎಲ್ಲ ಮಾತುಗಳನ್ನೂ ನಂಬಬಾರದು. ಮೊಣಕಾಲಿನ ಮೇಲಣ ಭಾರವು ಅರ್ಧಕ್ಕರ್ಧ ಇಳಿಯುತ್ತದೆಂದು ಕೆಲವರು ಸಾರುತ್ತಾರೆ. ಇಳಿಜಾರಿನಲ್ಲಿ ಕೋಲುಗಳಿಂದ ಮೊಣಕಾಲಿಗೆ ಸಹಾಯವುಂಟೆಂಬುದನ್ನು 1999ರಲ್ಲಿ ಆಸ್ಟ್ರಿಯದ ಸಂಶೋಧಕರು ಅಳೆದು ತೋರಿಸಿದ್ದಾರೆ. ಸಮನೆಲದ ಮೇಲೆ ಅಂತಹ ದೊಡ್ಡ ಉಪಕಾರವನ್ನು ನಿರೀಕ್ಷಿಸುವುದು ಯುಕ್ತವಲ್ಲ. ಹೃದ್ರೋಗಿಗಳೂ ಹೆಗಲಿನ ಕೀಲು ಹಿಡಿದುಕೊಂಡಿರುವವರೂ ವೈದ್ಯರನ್ನು ಕೇಳಿಯೇ ತೊಡಗಬೇಕು.

ಇಷ್ಟನ್ನು ಕೇಳಿದ ಮೇಲೆ, ಇದೊಂದು ಪರದೇಶದ ಆಡಂಬರ, ನಮಗೇಕೆ ಎಂದು ಯಾರಾದರೂ ಶಂಕಿಸಿದರೆ, ಅವರು ಗುಜರಾತಿನ ದಾರಿಗಳನ್ನು ಒಮ್ಮೆ ಕಣ್ತೆರೆದು ನೋಡಬೇಕು. ಕುರಿ ದನಗಳ ಹಿಂಡನ್ನು ಅಟ್ಟಿಕೊಂಡು ಹೋಗುವ ಭರವಾಡ ಮತ್ತು ರಬಾರಿ ಜನರು ಡಾಂಗ್ ಎಂಬ ಎದೆಯೆತ್ತರದ ಕೋಲನ್ನು ಬಿಟ್ಟು ಹೆಜ್ಜೆಯಿಡುವುದಿಲ್ಲ. ಪಾಲಿತಾಣಾದಲ್ಲಿ ಶತ್ರುಂಜಯದ ಮೂರು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತುವ ಜೈನ ಯಾತ್ರಿಕರು ತಪ್ಪಲಿನಲ್ಲಿ ಬಿದಿರಿನ ಕೋಲನ್ನು ಬಾಡಿಗೆಗೆ ಪಡೆದು ಹೊರಡುತ್ತಾರೆ. ಅದರಲ್ಲಿ ಹದಿನೆಂಟರ ಹುಡುಗಿಯೂ ಎಂಬತ್ತರ ಅಜ್ಜಿಯೂ ಸಮಾನರು. ನರ್ಮದೆಗೆ ಪ್ರದಕ್ಷಿಣೆ ಬರುವ ಪರಿಕ್ರಮವಾಸಿಗಳ ಕೈಯಲ್ಲಿ ದಂಡವು ಇದ್ದೇ ಇರುತ್ತದೆ. ನಮ್ಮ ಕಡೆಯಲ್ಲಿಯೂ, ಯುಗಾದಿಯ ಕಾಲಕ್ಕೆ ಉತ್ತರ ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಹೊರಟು ನಲ್ಲಮಲೆಯ ಕಾಡನ್ನು ಹಾಯ್ದು ಶ್ರೀಶೈಲವನ್ನು ಸೇರುವ ಮಲ್ಲಯ್ಯನ ಭಕ್ತರಲ್ಲಿ ಕೋಲು ಹಿಡಿದವರೆಷ್ಟೋ, ಮರಗಾಲು ಕಟ್ಟಿದವರೆಷ್ಟೋ! ಇವರಲ್ಲಿ ಯಾರೂ ದುರ್ಬಲರೆಂದು ಕೋಲು ಹಿಡಿದವರಲ್ಲ. ದೂರ ಹೋಗತಕ್ಕವರಾದುದರಿಂದ ಹಿಡಿದವರು. ಇನ್ನು ಎರಡು ಕೈಗೆ ಎರಡು ಕೋಲು ಎಂದರೆ, ನವರಾತ್ರಿಯ ಒಂಬತ್ತು ರಾತ್ರಿಗಳಲ್ಲಿ ಜೋಡಿ ದಾಂಡಿಯಾಗಳನ್ನು ಹಿಡಿದು ಕೈಕಾಲುಗಳನ್ನು ಒಂದೇ ತಾಳಕ್ಕೆ ಹೊಂದಿಸಿ ಕುಣಿಯುವ ಜನರಿಗೆ ಅದು ಹೊಸದೆಂದು ಹೇಗೆ ಹೇಳೋಣ? ನಮ್ಮ ನೆರೆಯ ಮಹಿಳೆಯರು ಕೈ ಮತ್ತು ಕಾಲಿನ ಎದುರುಬದುರಿನ ಲಯವನ್ನು ಗಂಡಸರಿಗಿಂತ ಬೇಗ ಸಾಧಿಸುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗರಬಾದ ಅಭ್ಯಾಸವೇ ಇದಕ್ಕೆ ಕಾರಣವಾಗಿರಬೇಕು.

ಗುಜರಾತಿನ ನೆಲದ ಮೇಲೆ ಊರಲ್ಪಟ್ಟ ಕೋಲುಗಳಲ್ಲಿ ಜಗತ್ತೆಲ್ಲವೂ ಬಲ್ಲಂಥದು ಒಂದಿದೆ. 1930ನೆಯ ಇಸವಿಯ ಮಾರ್ಚ್ 12ರ ಪ್ರಾತಃಕಾಲದಲ್ಲಿ ಅಹಮದಾಬಾದಿನ ಸಾಬರಮತಿ ಆಶ್ರಮದಿಂದ 78 ಮಂದಿ ಸಹಯಾತ್ರಿಗಳೊಡನೆ ಹೊರಟ ಗಾಂಧೀಜಿಯವರಿಗೆ ಆಗ ಅರುವತ್ತು ತುಂಬಿ ಅರುವತ್ತೊಂದು ನಡೆಯುತ್ತಿತ್ತು. ನಡಿಯಾದ್, ಆಣಂದ್, ಬೋರಸದ್‌ಗಳನ್ನು ದಾಟಿ, ನಮ್ಮ ವಡೋದರೆಯನ್ನು ಪೂರ್ವಕ್ಕೆ ಬಿಟ್ಟು, ಕಂಕಾಪುರದ ಬಳಿ ಮಹೀನದಿಯ ಕೆಸರನ್ನು ರಾತ್ರಿಯಲ್ಲಿ ತುಳಿದು ಹಾಯ್ದು, ಜಂಬೂಸರ, ಭರೂಚ್, ಸೂರತ್, ನವಸಾರಿಗಳ ಮಾರ್ಗವಾಗಿ ಏಪ್ರಿಲ್ 5ರಂದು ದಾಂಡಿಯ ಕಡಲತೀರವನ್ನು ಅವರು ಸೇರಿದರು. ಸುಮಾರು 385 ಕಿಲೋಮೀಟರುಗಳ ದಾರಿ. ಸೋಮವಾರ ಮೌನ ಮತ್ತು ವಿಶ್ರಾಂತಿ. ಉಳಿದ ದಿನಗಳಲ್ಲಿ ಬೆಳಿಗ್ಗೆ ಒಂದು ಮಜಲು, ಸಂಜೆ ಒಂದು ಮಜಲು. ಅವರು ದಣಿದರೆ ಏರಲೆಂದು ಜೊತೆಯಲ್ಲಿ ಕುದುರೆಯೊಂದನ್ನು ಇಟ್ಟಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ತರುಣರಲ್ಲಿ ಕೆಲವರು ಕಾಲು ನೊಂದು, ಜ್ವರ ಬಂದು ಹಿಂದುಳಿದರೂ ಗಾಂಧೀಜಿಯವರ ನಡಿಗೆಯ ವೇಗ ತಗ್ಗಲಿಲ್ಲ. ವಿದ್ಯಾರ್ಥಿದಶೆಯಿಂದಲೇ ಅವರು ದೂರದ ನಡಿಗೆಯನ್ನು ರೂಢಿಸಿಕೊಂಡು ಬಂದವರೆಂಬುದನ್ನು ಅವರ ಆತ್ಮಕಥೆಯನ್ನು ಓದಿದವರು ಬಲ್ಲರು.

ಆ ಯಾತ್ರೆಯಲ್ಲಿ ಅವರ ಕೈಯಲ್ಲಿದ್ದುದು ತುದಿಗೆ ಕಬ್ಬಿಣದ ಮೊನೆಯನ್ನು ಹಾಕಿದ, ಐವತ್ತನಾಲ್ಕು ಅಂಗುಲ ಉದ್ದದ, ಅಂಗುಲ ದಪ್ಪದ ಬಿದಿರಿನ ಕೋಲು. ಅದನ್ನು ಅವರಿಗೆ ಕೊಟ್ಟವರು ಕಾಕಾ ಕಾಲೇಲ್ಕರರೆಂದೂ, ಕಾಲೇಲ್ಕರರಿಗೆ ಅದು ಮಂಜೇಶ್ವರದ ಗೋವಿಂದ ಪೈಗಳಿಂದ ಬಂದುದೆಂದೂ ನಮ್ಮ ಕರಾವಳಿಯ ಹಿರಿಯರು ಅಭಿಮಾನದಿಂದ ಹೇಳುತ್ತ ಬಂದಿದ್ದಾರೆ. ಕಾಲೇಲ್ಕರರು 1910ರ ಸುಮಾರಿನಲ್ಲಿ ಇದೇ ವಡೋದರೆಯ, ಅಂದರೆ ಅಂದಿನ ಬರೋಡದ, ಗಂಗನಾಥ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು. ಕನ್ನಡದ ಕವಿಯೊಬ್ಬರ ಕೈಯಿಂದ ಬರೋಡದ ಉಪಾಧ್ಯಾಯರೊಬ್ಬರ ಕೈಗೆ, ಅಲ್ಲಿಂದ ಮಹಾತ್ಮರ ಕೈಗೆ ಒಂದು ಕೋಲು ಸಂದು, ದಾಂಡಿಯ ಮರಳಿನಲ್ಲಿ ತನ್ನ ಮೊನೆಯನ್ನು ಊರಿತೆಂಬ ವೃತ್ತಾಂತವು, ಈ ನಗರದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಎಷ್ಟು ಸಂತೋಷವನ್ನುಂಟುಮಾಡುತ್ತದೆಂಬುದನ್ನು ಮಾತಿನಲ್ಲಿ ಹೇಳಲಾರೆ. ಆ 78 ಮಂದಿಯಲ್ಲಿ ಕರ್ನಾಟಕದವನಾಗಿ ಇದ್ದವನು ಒಬ್ಬನೇ: ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ. 1911ರಲ್ಲಿ ಹುಟ್ಟಿದ ಆ ಹುಡುಗನಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹದಿಮೂರು ವರ್ಷಗಳ ಅನಂತರ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವನು ಎದೆಯೊಡ್ಡಿ ಮಡಿದನು. ದಾಂಡಿಯಲ್ಲಿ 2019ರಲ್ಲಿ ತೆರೆಯಲಾದ ಸ್ಮಾರಕದಲ್ಲಿ ಗಾಂಧೀಜಿಯವರೊಡನೆ ಅವರ ಸಹಯಾತ್ರಿಗಳ ಪ್ರತಿಮೆಗಳೂ ನಡೆಯುವ ಭಂಗಿಯಲ್ಲಿಯೇ ನಿಂತಿವೆ. ಸೂರತ್ತಿನ ಕಡೆಗೆ ಬರುವ ಕನ್ನಡಿಗರು ಅಲ್ಲಿಗೆ ಹೋಗದೆ ಹಿಂದಿರುಗಬಾರದು.

ಗಾಂಧೀಜಿಯವರ ಆ ಕೋಲಿಗೂ ಈ ಜೋಡುಗೋಲಿಗೂ ಇರುವ ಭೇದವನ್ನು ಗಮನಿಸುವುದರಿಂದ ಎರಡರ ಸ್ವಭಾವವೂ ಸ್ಪಷ್ಟವಾಗುತ್ತದೆ. ಗಾಂಧೀಜಿಯವರ ಎತ್ತರವು ಸುಮಾರು 165 ಸೆಂಟಿಮೀಟರು. ಫಿನ್ಲೆಂಡಿನ ಲೆಕ್ಕದಂತೆ ಅವರಿಗೆ ನಲವತ್ತನಾಲ್ಕು ಅಂಗುಲದ ಕೋಲು ಸಾಕು. ಅವರದು ಅದಕ್ಕಿಂತ ಹತ್ತು ಅಂಗುಲ ಉದ್ದ. ಎದೆಯ ಮಟ್ಟದಲ್ಲಿ ಹಿಡಿದು, ದೇಹದ ಪಕ್ಕಕ್ಕೋ ಮುಂದಕ್ಕೋ ಊರಿ, ಹಳ್ಳದಲ್ಲಿ ಆಳವನ್ನು ನೋಡುವುದಕ್ಕೂ, ಕೆಸರಿನಲ್ಲಿ ಕಾಲು ಹೂಳದಂತೆ ಆಧಾರವಾಗುವುದಕ್ಕೂ, ನಿಂತಾಗ ಎರಡು ಕೈಗಳನ್ನೂ ಮೇಲೆ ಇಟ್ಟು ದಣಿವಾರಿಸಿಕೊಳ್ಳುವುದಕ್ಕೂ ಒದಗತಕ್ಕ ಕೋಲು ಅದು. ಹಳ್ಳಿಯಿಂದ ಹಳ್ಳಿಗೆ ಹೋಗುವವನ ಕೋಲು. ಒಂದೇ ಕೈಯಲ್ಲಿರುವುದರಿಂದ ದೇಹದ ಒಂದು ಪಕ್ಕಕ್ಕೆ ಹೆಚ್ಚು ಕೆಲಸ ಬೀಳುತ್ತದೆ, ಆಗಾಗ ಕೈ ಬದಲಿಸಬೇಕಾಗುತ್ತದೆ. ಜೋಡುಗೋಲು ದಾರಿಯ ಆಪತ್ತುಗಳಿಗೆಂದು ಹುಟ್ಟಿದುದಲ್ಲ. ಎರಡು ಪಕ್ಕಗಳಿಗೂ ಸಮನಾದ ಶ್ರಮವನ್ನು ಕೊಡಲೆಂದೇ ಹುಟ್ಟಿದುದು. ಊರಿಂದೂರಿಗೆ ನಡೆದು ಹೋಗಬೇಕಾದ ಕಾಲವು ನಮ್ಮ ಪಾಲಿಗೆ ಮುಗಿದು, ಇಡೀ ಹಗಲನ್ನು ಕುರ್ಚಿಯಲ್ಲಿ ಕಳೆಯತಕ್ಕ ನಮ್ಮ ದೇಹಗಳಿಗೆ ಇದು ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ.

ಕೋಲುಗಳಿಗಾಗಿ ಬಹಳ ಹಣವನ್ನು ವ್ಯಯಮಾಡಲೇಬೇಕೆಂಬ ನಿಯಮವೇನೂ ಇಲ್ಲ. ಹಗುರವಾದ ಇಂಗಾಲದ ನಾರಿನ ಕೋಲುಗಳು ಉತ್ತಮವೇ, ಆದರೆ ದುಬಾರಿ. ನಮ್ಮೊಡನೆ ನಡೆಯುವ ಹಿರಿಯರೊಬ್ಬರು ಹೆಬ್ಬೆರಳ ದಪ್ಪದ, ಗಟ್ಟಿಯಾದ, ನೆಟ್ಟನೆಯ ಎರಡು ಬಿದಿರುಗಳನ್ನು ಆರಿಸಿ, ಅಳತೆಗೆ ಕತ್ತರಿಸಿ, ಔಷಧದ ಅಂಗಡಿಯಲ್ಲಿ ಊರುಗೋಲಿಗೆಂದು ಮಾರುವ ರಬ್ಬರಿನ ಬೂಚನ್ನು ತುದಿಗೆ ತೊಡಿಸಿದರು. ಕೈಪಟ್ಟಿಯದೇ ತೊಡಕಾಯಿತು. ಅದಕ್ಕೆ ದರಬಾರ್ ಚೋಕಡಿಯ ಹತ್ತಿರ ಮರದ ನೆರಳಿನಲ್ಲಿ ಕುಳಿತುಕೊಳ್ಳುವ ಮೋಚಿಯೊಬ್ಬನು, ಹಳೆಯ ಶಾಲಾಚೀಲದ ನಿವಾರುಪಟ್ಟಿಯನ್ನು ಬಿಚ್ಚಿ, ಹೆಬ್ಬೆರಳಿಗೊಂದು ಕಂಡಿಯನ್ನು ಬಿಟ್ಟು, ಅಂಗೈಯನ್ನು ಬಳಸಿ ಬರುವಂತೆ ಚರ್ಮದ ತುಂಡಿನೊಡನೆ ಸೇರಿಸಿ ಹೊಲಿದು, ಬಿದಿರಿನ ಗಿಣ್ಣಿನ ಕೆಳಗೆ ಜಾರದಂತೆ ಬಿಗಿದುಕೊಟ್ಟನು. ಮೊದಲು ತನ್ನ ಕೈಗೇ ಹಾಕಿಕೊಂಡು ಬೀಸಿ ನೋಡಿ, ಒಂದು ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದನು. ಕಾರ್ಖಾನೆಯ ಕೋಲಿಗಿಂತ ತೂಕವು ಸ್ವಲ್ಪ ಹೆಚ್ಚೆಂಬುದನ್ನು ಬಿಟ್ಟರೆ ಆ ಜೋಡಿಯಲ್ಲಿ ನನಗೆ ಯಾವ ಕೊರತೆಯೂ ಕಾಣದು.

ಸ್ಥಳದ ವಿಚಾರ. ರಸ್ತೆಯ ಪಕ್ಕದ ಕಾಲುದಾರಿಗಳು ನಮ್ಮ ನಗರಗಳಲ್ಲಿ ಹೇಗಿವೆಯೆಂಬುದನ್ನು ಯಾರಿಗೂ ಹೇಳಬೇಕಾದುದಿಲ್ಲ. ವಾಹನಗಳ ನಡುವೆ ಕೋಲು ಬೀಸುತ್ತ ನಡೆಯುವುದು ಸಾಧುವಲ್ಲ. ನಮಗೆ ಇಲ್ಲಿಯ ಲಾಲ್‌ಬಾಗ್ ಉದ್ಯಾನವು ಹತ್ತಿರದ್ದು. ಸ್ವಲ್ಪ ದೂರವಾದರೂ ಸರಿಯೆನ್ನುವವರಿಗೆ, ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1879ರಲ್ಲಿ, ವಿಶ್ವಾಮಿತ್ರಿ ನದಿಯ ದಡದಲ್ಲಿ ನಿರ್ಮಿತವಾದ ಕಮಾಟಿಬಾಗ್ ಇದೆ. ನೂರು ಎಕರೆಗೂ ಮಿಕ್ಕಿದ ಆ ಉದ್ಯಾನದ ಹಳೆಯ ಮರಗಳ ಕೆಳಗಿನ ಮಣ್ಣುದಾರಿಯಲ್ಲಿ ಕಾರ್ಖಾನೆಯ ಕೋಲಿನ ತುದಿಯ ರಬ್ಬರಿನ ಬೂಚನ್ನು ತೆಗೆದು ಒಳಗಿನ ಲೋಹದ ಮೊನೆಯಿಂದಲೇ ನಡೆಯಬಹುದು. ನಾಗರಿಕರ ದೇಹಬಲವನ್ನು ರಾಜ್ಯದ ಸಂಪತ್ತೆಂದು ಎಣಿಸಿದ ಅರಸರ ಊರು ಇದು. ಜುಮ್ಮಾದಾದಾ ವ್ಯಾಯಾಮ ಮಂದಿರದಲ್ಲಿ ಪ್ರೊಫೆಸರ್ ಮಾಣಿಕರಾಯರು ಮಲ್ಲಖಂಬ, ಲೇಜಿಮು, ಲಾಠಿಗಳನ್ನು ತಲೆಮಾರುಗಳ ತರುಣರಿಗೆ ಕಲಿಸಿದ ಊರೂ ಇದೇ. ಇಂತಹ ಊರಿನಲ್ಲಿ ವ್ಯಾಯಾಮಕ್ಕಾಗಿ ಕೋಲು ಹಿಡಿಯಲು ಯಾರೂ ನಾಚಬೇಕಾದುದಿಲ್ಲ.

ಋತುಗಳ ಮಾತನ್ನೂ ಆಡಬೇಕು. ಶರತ್‌ಪೂರ್ಣಿಮೆಯಿಂದ ಹೋಳಿಯವರೆಗೆ ಇಲ್ಲಿ ನಡಿಗೆಗೆ ಸುಖಕಾಲ. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಆಗ ಸೂರ್ಯೋದಯಕ್ಕೆ ಮೊದಲೇ ಮುಗಿಸಿ ಮನೆ ಸೇರತಕ್ಕದ್ದು. ಉತ್ತರಾಯಣದ ಗಾಳಿಪಟದ ದಿನಗಳಲ್ಲಿ ಗಾಜಿನ ಪುಡಿ ಲೇಪಿಸಿದ ಮಾಂಜಾದಾರವು ಮರದಿಂದ ಮರಕ್ಕೆ ಕಾಣದಂತೆ ತೂಗುತ್ತಿರುತ್ತದೆ. ಕುತ್ತಿಗೆಗೆ ಒಂದು ವಸ್ತ್ರವನ್ನು ಸುತ್ತಿಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಿ ವಿಶ್ವಾಮಿತ್ರಿಯು ಉಕ್ಕಿದಾಗ ನದಿಯಲ್ಲಿರುವ ಮೊಸಳೆಗಳು ಬೀದಿಗೂ ಬಂದುದುಂಟು. ನೆರೆ ಇಳಿದ ಮೇಲೂ ನಾಲ್ಕು ದಿನ ನದಿಯ ಪಕ್ಕದ ದಾರಿಗಳನ್ನು ಬಿಡಬೇಕು. ಬೀದಿನಾಯಿಗಳು ಮೈಮೇಲೆ ಬಂದಾಗ ಕೋಲನ್ನು ಎತ್ತದೆ ಇರುವುದೇ ಮೇಲು. ಎತ್ತಿದ ಕೋಲನ್ನು ಕಂಡರೆ ಅವು ಇನ್ನಷ್ಟು ಕೆರಳುತ್ತವೆ. ಎರಡನ್ನೂ ಮೈಗೆ ಒತ್ತಿಹಿಡಿದು ನಿಂತರೆ ಬೊಗಳಿ ಸುಮ್ಮನಾಗುತ್ತವೆ.

ಇಲ್ಲಿಗೆ ಐವತ್ತು ಕಿಲೋಮೀಟರುಗಳ ಒಳಗೆ ಪಾವಾಗಢದ ಬೆಟ್ಟವಿದೆ. ಮೇಲೆ ಕಾಳಿಕಾಮಾತೆಯ ಗುಡಿ, ತಪ್ಪಲಿನಲ್ಲಿ ಚಾಂಪಾನೇರಿನ ಪ್ರಾಚೀನ ನಗರ. ಹಗ್ಗದ ದಾರಿಯ ಡಬ್ಬಿಯನ್ನು ಏರದೆ ಕಾಲ್ನಡಿಗೆಯಲ್ಲಿಯೇ ಹೋಗಿಬರುವ ಉತ್ಸಾಹವುಳ್ಳವರಿಗೆ ಈ ಕೋಲುಗಳ ನಿಜವಾದ ಉಪಕಾರವು ಇಳಿಯುವಾಗ ತಿಳಿಯುತ್ತದೆ. ಆಗ ಮಾತ್ರ ನಾನು ಮೊದಲು ಹೇಳಿದ ನಿಯಮವನ್ನು ಬಿಟ್ಟು, ಕೋಲುಗಳನ್ನು ಮುಂದಕ್ಕೆ, ಕೆಳಗಣ ಮೆಟ್ಟಿಲಿನ ಮೇಲೆ ಊರಿ, ಮೈಭಾರದ ಒಂದಂಶವನ್ನು ತೋಳುಗಳಿಗೆ ವಹಿಸಿ, ನಿಧಾನವಾಗಿ ಕಾಲಿಡಬೇಕು. ಕಲ್ಲುಮೆಟ್ಟಿಲಿನ ಮೇಲೆ ಲೋಹದ ಮೊನೆಯು ಜಾರುವುದರಿಂದ ರಬ್ಬರಿನ ಬೂಚು ಇರಲೇಬೇಕು. ಅದು ಒಂದೇ ಪಕ್ಕಕ್ಕೆ ಸವೆಯುತ್ತದೆ. ಹೊರಡುವ ಹಿಂದಿನ ದಿನ ಕೋಲನ್ನು ತಲೆಕೆಳಗಾಗಿ ಹಿಡಿದು ಬೆರಳಿನಿಂದ ಮುಟ್ಟಿ ನೋಡಿ, ಒಳಗಿನ ಲೋಹವು ಬೆರಳಿಗೆ ತಾಗುವಂತಿದ್ದರೆ ಎರಡೂ ಕೋಲುಗಳ ಬೂಚುಗಳನ್ನು ಒಟ್ಟಿಗೇ ಬದಲಾಯಿಸಿಕೊಳ್ಳಿರಿ.